ಪುಸ್ತಕದ ಬದನೆಕಾಯಿ, ಕೊಳೆತ ಬದನೆಕಾಯಿ

ಬಿ.ಎಸ್ಸಿ ಮೊದಲ ಸೆಮಿಸ್ಟರಿನ ಭೌತವಿಜ್ಞಾನದ ಲ್ಯಾಬಿನಲ್ಲಿ ಲೋಲಕ ತೂಗುತ್ತಿದೆ. ವಿದ್ಯಾರ್ಥಿ ಸ್ಟಾಪ್‌ವಾಚ್ ಹಿಡಿದು ಇಪ್ಪತ್ತು ಆಂದೋಲನ ಎಣಿಸುತ್ತಾನೆ. ಗುರುತ್ವ ವೇಗೋತ್ಕರ್ಷದ ಉತ್ತರ 9.8 ಬರಬೇಕು. 9.5 ಬಂದರೆ? ಹೆಚ್ಚಿನ ಕಡೆ ರೀಡಿಂಗ್ ತಿದ್ದಿ, ಸೀನಿಯರ್‌ಗಳ ರೆಕಾರ್ಡಿಗೆ ತಾಳೆ ನೋಡಿ, ಸಹಿ ಹಾಕಿಸಿಕೊಂಡರೆ ಮುಗಿಯಿತು. ದಾರದ ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆದದ್ದೋ ಕೊಕ್ಕೆಯವರೆಗಷ್ಟೇ ಅಳೆದದ್ದೋ, ತೂಗಾಟದ ಕೋನ ಹೆಚ್ಚಾಯಿತೋ, ಗುಂಡಿ ಒತ್ತುವಾಗ ಬೆರಳು ಎಷ್ಟು ತಡಮಾಡಿತೋ ಎಂದು ಯಾರೂ ಕೇಳುವುದಿಲ್ಲ. ಸಂಶೋಧನೆ ಶುರುವಾಗುವುದು ಕಾಣೆಯಾದ ಆ 0.3ರಿಂದಲೇ. ಅದನ್ನು ಕೇಳದ ಮೇಷ್ಟರನ್ನು ದೂರುವುದು ಸುಲಭ. ಆದರೆ ಅವರು ಓದುವಾಗ ಅವರನ್ನೂ ಯಾರೂ ಕೇಳಿರಲಿಲ್ಲ.

ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದ ಬುನಾದಿ ಪಾಠ ಹೇಳುವವರ ಸಂಶೋಧನಾ ಕೌಶಲ ಹೆಚ್ಚಬೇಕು ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದರ ಹಿಂದೆ ಒಂದು ತಪ್ಪು ಎಣಿಕೆ ಅಡಗಿರುತ್ತದೆ: ಪಾಠ ಒಂದು ಕೆಲಸ, ಸಂಶೋಧನೆ ಬೇರೊಂದು ಕೆಲಸ, ಪಾಠ ಮುಗಿಸಿ ಉಳಿದ ಹೊತ್ತಿನಲ್ಲಿ ಸಂಶೋಧನೆ ಮಾಡಬೇಕು ಎಂಬುದು. ವಿಜ್ಞಾನದ ಇತಿಹಾಸ ಇದಕ್ಕೆ ಒಪ್ಪುವುದಿಲ್ಲ.

1858ರಲ್ಲಿ ಜ್ಯೂರಿಕ್ಕಿನ ಪಾಲಿಟೆಕ್ನಿಕ್ಕಿನಲ್ಲಿ ರಿಚರ್ಡ್ ಡೆಡೆಕಿಂಡ್ ಮೊದಲ ಸಲ ಕಲನಶಾಸ್ತ್ರದ ಮೂಲಪಾಠ ಹೇಳಬೇಕಾಯಿತು. ಸಂಖ್ಯಾರೇಖೆ ಎಲ್ಲೂ ತುಂಡಾಗದೆ ಸಾಗುತ್ತದೆ ಎಂಬುದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಒಪ್ಪಿಸಬಹುದಿತ್ತು. ಸಾಧಿಸಿ ತೋರಿಸಲು ಮಾತ್ರ ಬುನಾದಿಯೇ ಇರಲಿಲ್ಲ. ಆ ಇರಿಸುಮುರಿಸು ಅವರನ್ನು ಬಿಡಲಿಲ್ಲ. ಇಂದು ಡೆಡೆಕಿಂಡ್ ಛೇದ ಎಂದು ಕರೆಯುವ, ವಾಸ್ತವ ಸಂಖ್ಯೆಗಳ ವ್ಯಾಖ್ಯೆ ಹುಟ್ಟಿದ್ದು ಹಾಗೆ. ಅದನ್ನು ಅವರು ಪ್ರಕಟಿಸಿದ್ದು 1872ರಲ್ಲಿ. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮೆಂಡೆಲೀವ್ ತನ್ನ ವಿದ್ಯಾರ್ಥಿಗಳಿಗಾಗಿ ರಸಾಯನವಿಜ್ಞಾನದ ಪಠ್ಯಪುಸ್ತಕ ಬರೆಯುತ್ತಿದ್ದ. ಆಗ ಗೊತ್ತಿದ್ದ ಮೂಲಧಾತುಗಳು 63. ಮೊದಲ ಸಂಪುಟ ಮುಗಿಯುವಾಗ ಆತ ವಿವರಿಸಿದ್ದು ಬೆರಳೆಣಿಕೆಯಷ್ಟನ್ನು ಮಾತ್ರ. ಉಳಿದವನ್ನೆಲ್ಲ ಯಾವ ಕ್ರಮದಲ್ಲಿ ಪಾಠ ಮಾಡಲಿ ಎಂಬ ಇಕ್ಕಟ್ಟೇ 1869ರ ಆವರ್ತ ಕೋಷ್ಟಕಕ್ಕೆ ದಾರಿಯಾಯಿತು. ನಮ್ಮ ಸತ್ಯೇಂದ್ರನಾಥ ಬೋಸರು ಢಾಕಾದಲ್ಲಿ ವಿಕಿರಣದ ಪ್ಲಾಂಕ್ ನಿಯಮವನ್ನು ಪಾಠ ಹೇಳುವಾಗ, ಅದನ್ನು ಸಾಧಿಸುವ ರೂಢಿಯ ಕ್ರಮ ಅವರಿಗೇ ಒಪ್ಪಿಗೆಯಾಗಲಿಲ್ಲ. ತಾವೇ ಬೇರೆ ಹಾದಿ ಹಿಡಿದು, ಅದನ್ನು ಲೇಖನವಾಗಿ ಬರೆದು 1924ರಲ್ಲಿ ಐನ್‌ಸ್ಟೈನರಿಗೆ ಕಳಿಸಿದರು.

ಈ ಮೂವರೂ ಪ್ರತಿಭಾವಂತರು, ಎಲ್ಲರಿಗೂ ಇದು ಸಾಧ್ಯವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ವಾರಕ್ಕೆ 16 ಗಂಟೆ ತರಗತಿ, ಅದರ ಮೇಲೆ ಆಂತರಿಕ ಪರೀಕ್ಷೆ, ನ್ಯಾಕ್ ಕಡತ, ಪ್ರವೇಶಾತಿ, ಮೌಲ್ಯಮಾಪನ ಎಲ್ಲ ಹೊತ್ತಿರುವ ಸಹಾಯಕ ಪ್ರಾಧ್ಯಾಪಕರ ಮುಂದೆ ಮೆಂಡೆಲೀವನ ಹೆಸರು ಹೇಳಿದರೆ ನಗೆ ಬಂದೀತು. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದ ಅತಿಥಿ ಉಪನ್ಯಾಸಕರಿಗಂತೂ ಸಿಟ್ಟೇ ಬಂದೀತು.

ಯುಜಿಸಿ ಈ ಗಂಟನ್ನು ಬಿಡಿಸಲು ಹೋದ ರೀತಿ ನೋಡಿ. 2010ರ ನಿಯಮಾವಳಿ ಬಡ್ತಿಗೆ ಎಪಿಐ ಎಂಬ ಶೈಕ್ಷಣಿಕ ಸಾಧನೆಯ ಅಂಕಗಳನ್ನು ಗಂಟುಹಾಕಿತು. ಲೇಖನಕ್ಕಿಷ್ಟು, ವಿಚಾರಸಂಕಿರಣಕ್ಕಿಷ್ಟು ಎಂದು ಅಂಕ ಹಂಚಿಕೆಯಾಯಿತು. ಕಾಸು ಕೊಟ್ಟರೆ ವಾರದೊಳಗೆ ಅಚ್ಚು ಹಾಕುವ ನಿಯತಕಾಲಿಕೆಗಳಿಗೆ ಸುಗ್ಗಿ ಬಂತು. 2018ರ ನಿಯಮಾವಳಿ ಆ ಪದ್ಧತಿಯನ್ನು ಕೈಬಿಟ್ಟು, ಕಾಲೇಜು ಅಧ್ಯಾಪಕರ ಮೇಲಿನ ಒತ್ತಡವನ್ನು ಬಹುಮಟ್ಟಿಗೆ ಸಡಿಲಿಸಿತು. ಒಳ್ಳೆಯ ನಿಯತಕಾಲಿಕೆಗಳನ್ನು ಗುರುತಿಸಲು ಮಾಡಿದ ಕೇರ್ ಪಟ್ಟಿಯನ್ನೂ 2025ರಲ್ಲಿ ಕೈಬಿಡಲಾಯಿತು. ಒಮ್ಮೆ ಕಡ್ಡಾಯ, ಒಮ್ಮೆ ವಿನಾಯಿತಿ. ಎರಡರಲ್ಲೂ ಸಂಶೋಧನೆ ಎಂದರೆ ತರಗತಿಯ ಹೊರಗಿನದು ಎಂಬ ನಂಬಿಕೆ ಒಂದೇ. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿಯೂ ಸಂಶೋಧನೆಗೆ ಜಾಗ ಕೊಟ್ಟದ್ದು ಕೊನೆಯ ವರ್ಷದಲ್ಲಿ. 2024ರಲ್ಲಿ ರಾಜ್ಯ ಮೂರು ವರ್ಷದ ಪದವಿಗೆ ಮರಳಿದಾಗ ಆ ಜಾಗವೂ ಹೋಯಿತು.

ಬೇರೆ ದಾರಿಯೊಂದಿದೆ. 2008ರಲ್ಲಿ ಅಮೆರಿಕದ ಹೊವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆ, ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಹಾಂ ಹ್ಯಾಟ್‌ಫುಲ್ ಅವರ ಜೊತೆಗೂಡಿ ಮೊದಲ ವರ್ಷದ ಜೀವವಿಜ್ಞಾನದ ಲ್ಯಾಬನ್ನೇ ಸಂಶೋಧನೆಯ ಜಾಗವನ್ನಾಗಿ ಮಾಡಿತು. ಸೀ-ಫೇಜಸ್ ಎಂಬುದು ಆ ಯೋಜನೆಯ ಹೆಸರು. ವಿದ್ಯಾರ್ಥಿ ಮನೆಯ ಹಿತ್ತಿಲಿನಿಂದ ಒಂದು ಹಿಡಿ ಮಣ್ಣು ತರುತ್ತಾಳೆ. ಅದರಲ್ಲಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ವೈರಸ್, ಅಂದರೆ ಫೇಜ್, ಇದೆಯೇ ಎಂದು ಹುಡುಕುತ್ತಾಳೆ. ಸಿಕ್ಕರೆ ಅದಕ್ಕೆ ತಾನೇ ಹೆಸರಿಡುತ್ತಾಳೆ. ಮುಂದಿನ ಸೆಮಿಸ್ಟರಿನಲ್ಲಿ ಅದರ ಜೀನೋಮ್ ಓದಿ, ಯಾವ ಜೀನ್ ಎಲ್ಲಿದೆ ಎಂದು ಗುರುತು ಹಾಕುತ್ತಾಳೆ. ಉತ್ತರ ಮೇಷ್ಟರಿಗೂ ಗೊತ್ತಿರುವುದಿಲ್ಲ. ಹನ್ನೆರಡು ಸಂಸ್ಥೆಗಳಲ್ಲಿ ಶುರುವಾದದ್ದು ಇಂದು ನೂರಕ್ಕೂ ಹೆಚ್ಚು ಕಡೆ ನಡೆಯುತ್ತಿದೆ.

ನಮ್ಮಲ್ಲಿ ಕೈಗೆ ಹತ್ತದ ಓದನ್ನು ಪುಸ್ತಕದ ಬದನೆಕಾಯಿ ಎನ್ನುತ್ತೇವೆ. ಫೇಜ್‌ಗಳ ಈ ಹುಡುಕಾಟದಲ್ಲಿ ನಿಜವಾದ ಬದನೆಕಾಯಿಯೊಂದು ಬರುತ್ತದೆ, ಅದೂ ಕೊಳೆತದ್ದು. 2010ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಕೊಳೆತ ಬದನೆಕಾಯಿಯಿಂದ ಒಂದು ಫೇಜ್ ಬೇರ್ಪಡಿಸಿ ಅದಕ್ಕೆ ‘ಮಡ್ಡಿ’ ಎಂದು ಹೆಸರಿಟ್ಟಳು. ಅದು ಹ್ಯಾಟ್‌ಫುಲ್ ಅವರ ಸಂಗ್ರಹ ಸೇರಿತು. ವರ್ಷಗಳ ನಂತರ ಲಂಡನ್ನಿನಲ್ಲಿ, ಶ್ವಾಸಕೋಶ ಕಸಿ ಮಾಡಿಸಿಕೊಂಡಿದ್ದ ಹದಿಹರೆಯದ ಹುಡುಗಿಯ ದೇಹದಲ್ಲಿ ಯಾವ ಆ್ಯಂಟಿಬಯಾಟಿಕ್‌ಗೂ ಬಗ್ಗದ ಸೋಂಕು ಹರಡಿತು. ಆಗ ಕೊಟ್ಟ ಮೂರು ಫೇಜ್‌ಗಳಲ್ಲಿ ಮಡ್ಡಿಯೂ ಒಂದು. ಆಕೆ ಚೇತರಿಸಿಕೊಂಡ ವರದಿ 2019ರಲ್ಲಿ ‘ನೇಚರ್ ಮೆಡಿಸಿನ್’ನಲ್ಲಿ ಬಂತು.

ಈ ಕಥೆಯ ರೋಚಕತೆಗಿಂತ ಅದರ ಏರ್ಪಾಡು ಮುಖ್ಯ. ಸೀ-ಫೇಜಸ್‌ನಲ್ಲಿ ಒಬ್ಬ ಅಧ್ಯಾಪಕನ ಮೇಲೆ ಹೊಸತನ್ನು ಕಂಡುಹಿಡಿ ಎಂಬ ಭಾರ ಹೊರಿಸಿಲ್ಲ. ಎಲ್ಲ ಕಾಲೇಜುಗಳಿಗೂ ಒಂದೇ ಪ್ರಶ್ನೆ, ಒಂದೇ ಕ್ರಮವಿಧಾನ, ಎಲ್ಲರ ಫಲಿತಾಂಶ ಸೇರುವ ಒಂದೇ ದತ್ತಾಂಶ ಭಂಡಾರ. ಅಧ್ಯಾಪಕರಿಗೆ ಮೊದಲೇ ತರಬೇತಿ: ಅವರೂ ಮಣ್ಣು ಸೋಸಿ, ತಟ್ಟೆಯಲ್ಲಿ ಫೇಜ್ ಬೆಳೆಸಿ, ಎಡವಿ ಕಲಿಯುತ್ತಾರೆ. ಸಂಶೋಧನಾ ಕೌಶಲ ಬೆಳೆಯುವುದು ಹೀಗೆ ಕೈಯಿಂದ. ‘ಸಂಶೋಧನಾ ವಿಧಾನ’ದ ಮೇಲಿನ ಪಿಪಿಟಿಯಿಂದಲ್ಲ.

ಇಂಥ ಬೀಜ ನಮ್ಮ ನೆಲದಲ್ಲೂ ಬಿದ್ದಿದೆ. ಮೈಸೂರಿನ ಭೌತವಿಜ್ಞಾನಿ ಆರ್. ಶ್ರೀನಿವಾಸನ್ ವಿಜ್ಞಾನ ಅಕಾಡೆಮಿಗಳ ನೆರವಿನಿಂದ ನಡೆಸಿದ ಪ್ರಾಯೋಗಿಕ ಭೌತವಿಜ್ಞಾನದ ರಿಫ್ರೆಶರ್ ಕೋರ್ಸುಗಳಲ್ಲಿ ಅಧ್ಯಾಪಕರು ಭಾಷಣ ಕೇಳುವುದಕ್ಕಿಂತ ಕಡಿಮೆ ಬೆಲೆಯ ಉಪಕರಣಗಳ ಮುಂದೆ ಕುಳಿತು ಅಳತೆ ಮಾಡುವುದೇ ಹೆಚ್ಚು. ಚಳ್ಳಕೆರೆ ಬಳಿಯ ಐಐಎಸ್ಸಿ ಆವರಣದಲ್ಲಿ ವಿಜ್ಞಾನ ಶಿಕ್ಷಕರ ತರಬೇತಿ ನಡೆಯುತ್ತಿದೆ. ರಾಜ್ಯ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಅಧ್ಯಾಪಕರು ಹುದ್ದೆಯಲ್ಲಿದ್ದುಕೊಂಡೇ ದೊಡ್ಡ ಸಂಸ್ಥೆಗಳಲ್ಲಿ ಸಂಶೋಧನೆ ಮಾಡಲು ಕೇಂದ್ರ ಸರ್ಕಾರದ ಟೇರ್ ಯೋಜನೆಯಿತ್ತು. ಆದರೆ ತರಬೇತಿ ಮುಗಿಸಿ ಬಂದವರು ಮರುದಿನ ಅದೇ ಲ್ಯಾಬ್ ಮ್ಯಾನ್ಯುಯಲ್‌ಗೆ, ಅದೇ 9.8ಕ್ಕೆ ಮರಳಬೇಕು. ಕಲಿತದ್ದು ಅಲ್ಲಿಗೇ ಬಾಡುತ್ತದೆ.

ಹಾಗಾಗಿ ಪಠ್ಯಕ್ರಮದಲ್ಲೇ ಜಾಗ ಬೇಕು. ಬಿ.ಎಸ್ಸಿ ರಸಾಯನವಿಜ್ಞಾನದಲ್ಲಿ ಇಡಿಟಿಎ ಟೈಟ್ರೇಶನ್ ಮಾಡಿ ನೀರಿನ ಗಡಸುತನ ಅಳೆಯುವುದು ಹಳೆಯ ಪ್ರಯೋಗ. ಅಟೆಂಡರ್ ಬೆರೆಸಿಟ್ಟ ದ್ರಾವಣದ ಬದಲು ವಿದ್ಯಾರ್ಥಿ ತನ್ನೂರಿನ ಬೋರ್‌ವೆಲ್ ನೀರು ತರಲಿ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರದಿರುವುದು ಒಳ್ಳೆಯದು, ಬೇರೆ ನೀರೇ ಇಲ್ಲದ ಕಡೆ 600ರವರೆಗೆ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ನಮ್ಮೂರಿನದು ಎಷ್ಟು? ಮಳೆಗಾಲದ ಮುಂಚೆ ಎಷ್ಟು, ಆಮೇಲೆ ಎಷ್ಟು? ಕೆರೆ ತುಂಬಿದ ವರ್ಷ ಬದಲಾಯಿತೇ? ರಾಜ್ಯದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳೇ ನಾನೂರಕ್ಕೂ ಹೆಚ್ಚಿವೆ. ವಿಜ್ಞಾನ ವಿಭಾಗ ಇರುವ ಕಡೆಯೆಲ್ಲ ಒಂದೇ ಕ್ರಮದಲ್ಲಿ, ವರ್ಷಕ್ಕೆರಡು ಸಲ ಅಳೆದರೆ ಐದಾರು ವರ್ಷದಲ್ಲಿ ಅಂತರ್ಜಲದ ಬಗ್ಗೆ ಮೌಲ್ಯವುಳ್ಳ ದಾಖಲೆ ಸಿದ್ಧವಾಗುತ್ತದೆ. ಬ್ಯುರೆಟ್ಟು, ಕೋನಿಕಲ್ ಫ್ಲಾಸ್ಕು ಈಗಾಗಲೇ ಕಪಾಟಿನಲ್ಲಿವೆ.

ಇದನ್ನು ನಡೆಸಲು ಅಧ್ಯಾಪಕರಿಗೆ ಬೇಕಾದ ಕೌಶಲಗಳೇ ಸಂಶೋಧನೆಯ ಮೂಲ ಕೌಶಲಗಳು: ಮಾದರಿ ಹೇಗೆ ಸಂಗ್ರಹಿಸಬೇಕು, ಒಂದೇ ನೀರನ್ನು ಮೂವರು ಅಳೆದಾಗ ಬಂದ ವ್ಯತ್ಯಾಸವನ್ನು ಏನೆಂದು ಓದಬೇಕು, ಯಾವ ರೀಡಿಂಗನ್ನು ಯಾವ ಕಾರಣಕ್ಕೆ ಬಿಡಬಹುದು, ಬಿಟ್ಟದ್ದನ್ನೂ ಹೇಗೆ ಬರೆದಿಡಬೇಕು. ಅಂದವಾಗಿ ನಕಲು ತೆಗೆದ ರೆಕಾರ್ಡ್ ಬುಕ್ಕಿಗೆ ಬದಲಾಗಿ, ಹೊಡೆದು ಹಾಕಿದ ಅಂಕಿಯೂ ಕಾಣುವ ಲ್ಯಾಬ್ ನೋಟ್‌ಬುಕ್ಕಿಗೆ ಅಂಕ ಸಿಗಬೇಕು. ಈ ಕೆಲಸದ ಹೊತ್ತನ್ನು ಕಾರ್ಯಭಾರದ 16 ಗಂಟೆಯೊಳಗೇ ಲೆಕ್ಕ ಹಿಡಿಯಬೇಕು, ಬಡ್ತಿಯಲ್ಲೂ ಪರಿಗಣಿಸಬೇಕು; ಅತಿಥಿ ಉಪನ್ಯಾಸಕರಿಗೂ ಅದೇ ಗೌರವ ಸಲ್ಲಬೇಕು. ಉನ್ನತ ಶಿಕ್ಷಣ ಇಲಾಖೆ ಒಂದು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ, ಒಂದೇ ಪ್ರಯೋಗದಿಂದ ಇದನ್ನು ಶುರುಮಾಡಿ ನೋಡಬಹುದು. ಅದಕ್ಕೆ ಹೊಸ ಕಟ್ಟಡ ಬೇಡ. ಬೇಸಿಗೆ ರಜೆಯಲ್ಲಿ ಎರಡು ವಾರದ ತರಬೇತಿ ಮತ್ತು ಮ್ಯಾನ್ಯುಯಲ್ಲಿನ ಒಂದು ಪುಟ ಬದಲಿಸುವ ಧೈರ್ಯ ಸಾಕು.