ಕಾನ್ಪುರಕ್ಕೆ ಮರಳಬೇಕಾದ ರಿವಾಲ್ವರ್: ವಾರಂಟಿಯ ಭಾರ ಯಾರ ತಲೆಗೆ?

ಉದ್ಯಮಬಾಗದ ಫೌಂಡ್ರಿಯೊಂದರಿಂದ ಹೋದ ಎರಕದಲ್ಲಿ ಗಾಳಿಗುಳ್ಳೆ ಕಂಡುಬಂದರೆ ಮುಂದೆ ಆಗುವುದೇನೆಂಬುದು ಈ ಪತ್ರಿಕೆಯ ಓದುಗರಿಗೆ ತಿಳಿದೇ ಇದೆ. ಖರೀದಿದಾರನು ಮಾಲನ್ನು ಲಾರಿಗೆ ಹೇರಿ ಹಿಂದಿರುಗಿಸುತ್ತಾನೆ, ಅದರ ಬೆನ್ನಿಗೇ ಡೆಬಿಟ್ ನೋಟ್ ಬರುತ್ತದೆ, ಸಾಗಾಣಿಕೆಯ ವೆಚ್ಚವನ್ನೂ ತಯಾರಕನೇ ತೆರುತ್ತಾನೆ. 1930ರ ಸರಕು ಮಾರಾಟ ಅಧಿನಿಯಮದ 16ನೆಯ ಕಲಮು ಖರೀದಿದಾರನಿಗೆ ನೀಡಿರುವ ರಕ್ಷಣೆ ವ್ಯವಹಾರದಲ್ಲಿ ನಡೆದುಬರುವುದು ಹೀಗೆ. ಆದರೆ ಇದೇ ವರ್ತಕ ಸಮುದಾಯದ ಕೆಲವರು ಆತ್ಮರಕ್ಷಣೆಗೆಂದು ಕೊಳ್ಳುವ ಒಂದು ಸರಕಿನ ವಿಷಯದಲ್ಲಿ ಈ ಪದ್ಧತಿ ತಲೆಕೆಳಗಾಗುತ್ತದೆ. ಆ ಸರಕು ರಿವಾಲ್ವರ್.

ಖಾನಾಪುರ ತಾಲೂಕಿನ ಹಲಸಿಯಲ್ಲಿ ಗೇರುಬೀಜದ ವ್ಯಾಪಾರ ಮಾಡುವ ವರ್ತಕನೊಬ್ಬನನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಹಂಗಾಮಿನಲ್ಲಿ ನಗದು ಹಣದೊಡನೆ ಕಾಡುದಾರಿಯಲ್ಲಿ ಓಡಾಡಬೇಕಾದ ಆತನು ಪರವಾನಗಿ ಪಡೆದು .32 ಬೋರಿನ ರಿವಾಲ್ವರ್ ಕೊಂಡಿದ್ದಾನೆ. (ಸುತ್ತಲಿನ ರೈತರು ಕಾಡುಹಂದಿಯ ಕಾಟಕ್ಕೆಂದು ಪಡೆಯುವ ಉದ್ದ ನಳಿಗೆಯ ಬಂದೂಕಿನ ಮಾತು ಬೇರೆ.) ಆರು ತಿಂಗಳೊಳಗೆ ಅದರ ಸಿಲಿಂಡರ್ ನಳಿಗೆಗೆ ಸರಿಯಾಗಿ ಹೊಂದಿ ನಿಲ್ಲುತ್ತಿಲ್ಲ, ಗುಂಡಿನ ಕ್ಯಾಪಿನ ಮೇಲೆ ಸೂಜಿಯ ಪೆಟ್ಟು ಹಗುರವಾಗಿ ಬೀಳುತ್ತಿದೆ. ವಾರಂಟಿ ಇನ್ನೂ ಉಳಿದಿದೆ. ಇನ್ನು ಆತನು ಮಾಡಬೇಕಾದುದೇನು?

ಮೊದಲಿಗೆ, ಮಾಡಬಾರದ್ದು ಏನೆಂಬುದನ್ನು ಸ್ಪಷ್ಟಪಡಿಸಬೇಕು. ಊರಿನಲ್ಲಿ ಕೈಚಳಕವುಳ್ಳ ಫಿಟ್ಟರುಗಳೂ ಲೇಥ್ ಕೆಲಸಗಾರರೂ ಬೇಕಾದಷ್ಟಿದ್ದಾರೆ, ಒಂದು ಸ್ಪ್ರಿಂಗ್ ಬದಲಿಸುವುದು ಅವರಿಗೆ ಅರ್ಧ ಗಂಟೆಯ ಕೆಲಸವೂ ಆಗಿರಬಹುದು. ಆದರೆ 1959ರ ಶಸ್ತ್ರಾಸ್ತ್ರ ಅಧಿನಿಯಮದ 5ನೆಯ ಕಲಮಿನ ಪ್ರಕಾರ ತಯಾರಿಕೆ ಮತ್ತು ಮಾರಾಟಕ್ಕೆ ಹೇಗೋ ಹಾಗೆಯೇ ದುರಸ್ತಿಗೂ ಪರವಾನಗಿ ಬೇಕು. 2019ರ ತಿದ್ದುಪಡಿಯ ಅನಂತರ ಈ ಕಲಮಿನ ಉಲ್ಲಂಘನೆಗೆ ಕನಿಷ್ಠ 7 ವರ್ಷಗಳಿಂದ ಹಿಡಿದು ಜೀವಾವಧಿಯವರೆಗೆ ಕಾರಾಗೃಹವಾಸವನ್ನು ವಿಧಿಸಬಹುದಾಗಿದೆ. ನೂರು ರೂಪಾಯಿಯ ಕೂಲಿಗೆ ಒಬ್ಬ ಬಡ ಫಿಟ್ಟರನನ್ನು ಅಂಥ ಅಪಾಯಕ್ಕೆ ಒಡ್ಡುವುದು ಪರಿಚಯದ ಸಲಿಗೆಯಲ್ಲ, ಅನ್ಯಾಯ.

ಉಳಿಯುವ ಮಾರ್ಗವೆಂದರೆ ತಯಾರಕನ ಬಳಿಗೆ ಕಳುಹಿಸುವುದು. ದೇಶದಲ್ಲಿ ಪರವಾನಗಿದಾರರು ಕೊಳ್ಳುವ ರಿವಾಲ್ವರುಗಳಲ್ಲಿ ಬಹಳ ಹೆಸರಾದವು ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯವು. 2014ರಲ್ಲಿ 1,22,360 ರೂಪಾಯಿ ಬೆಲೆಯೊಡನೆ ಬಂದು ಸುದ್ದಿಮಾಡಿದ ‘ನಿರ್ಭೀಕ್’ ಕೂಡ ಅಲ್ಲಿನದೇ. ಹಲಸಿಯಿಂದ ಕಾನ್ಪುರ ಸಾವಿರ ಕಿಲೋಮೀಟರಿಗೂ ಮಿಕ್ಕಿ ದೂರ. ಇದು ಕೊರಿಯರ್ ಅಂಗಡಿಯಲ್ಲಿ ಕೊಟ್ಟು ರಸೀದಿ ಪಡೆದು ಬರುವ ಸರಕಲ್ಲ. ಮಾಲೀಕನೇ ಒಯ್ಯುತ್ತೇನೆಂದರೆ, ಪರವಾನಗಿಯ ವ್ಯಾಪ್ತಿ ಕರ್ನಾಟಕಕ್ಕೆ ಸೀಮಿತವಾಗಿದ್ದ ಪಕ್ಷದಲ್ಲಿ ಗಡಿ ದಾಟಿದೊಡನೆ ಆತನು ಪರವಾನಗಿ ಇಲ್ಲದವನಂತಾಗುತ್ತಾನೆ. ಖಾನಾಪುರದವರಿಗೆ ಗಡಿ ಎಷ್ಟು ಹತ್ತಿರವೆಂದು ಹೇಳಬೇಕಾಗಿಲ್ಲ.

ಶಾಸನವು ಈ ತೊಡಕನ್ನು ಪೂರ್ತಿ ಮರೆತಿಲ್ಲ. 3ನೆಯ ಕಲಮಿನ ಪರಂತುಕವು, ಪರವಾನಗಿದಾರನ ಸಮಕ್ಷಮದಲ್ಲಿ ಅಥವಾ ಆತನ ಲಿಖಿತ ಅಧಿಕಾರದ ಮೇರೆಗೆ, ಬೇರೊಬ್ಬ ವ್ಯಕ್ತಿ ತನಗೆ ಪರವಾನಗಿ ಇಲ್ಲದಿದ್ದರೂ ಆಯುಧವನ್ನು ದುರಸ್ತಿಗಾಗಿ ಒಯ್ಯಬಹುದೆಂದು ಹೇಳುತ್ತದೆ. ಬೆಳಗಾವಿಯ ಡೀಲರನ ಅಂಗಡಿಯವರೆಗೆ ಕಳುಹಿಸಲು ಇಷ್ಟು ಸಾಕಾಗಬಹುದು. ಆದರೆ ಮೂರು ರಾಜ್ಯ ದಾಟುವ ರೈಲಿನಲ್ಲಿ, ನಡುರಾತ್ರಿಯ ತಪಾಸಣೆಯ ವೇಳೆ, ಒಂದು ಕಾಗದದ ಚೀಟಿಯನ್ನು ನಂಬಿ ಮಗನನ್ನೋ ಗುಮಾಸ್ತನನ್ನೋ ಕಳುಹಿಸುವ ಧೈರ್ಯವನ್ನು ವಿವೇಕವುಳ್ಳ ಯಾವ ವರ್ತಕನೂ ಮಾಡಲಾರನು.

ಆದ್ದರಿಂದ ಇಡೀ ಪ್ರಶ್ನೆ ಡೀಲರನ ಬಾಗಿಲಿಗೆ ಬಂದು ನಿಲ್ಲುತ್ತದೆ. ಪರವಾನಗಿಯುಳ್ಳ ಡೀಲರನು ಆಯುಧವನ್ನು ವಹಿಗೆ ಹತ್ತಿಸಿಕೊಂಡು, ತನ್ನ ಹೆಸರಿನಲ್ಲಿ ಕಾರ್ಖಾನೆಗೆ ರವಾನಿಸಿ, ದುರಸ್ತಿಯಾಗಿ ಬಂದ ಮೇಲೆ ಮಾಲೀಕನಿಗೆ ಒಪ್ಪಿಸುವುದೇ ಸಮಂಜಸವಾದ ಕ್ರಮ. ಡೀಲರುಗಳು ಇದಕ್ಕೆ ಹಿಂದೆಗೆಯುವುದುಂಟು: ‘ಮಾರಿದ್ದು ನಾವು, ವಾರಂಟಿ ಕೊಟ್ಟದ್ದು ಕಾರ್ಖಾನೆ’. ಅವರ ಅಳಲಿನಲ್ಲಿ ಅರ್ಧ ಸತ್ಯವಿದೆ, ಏಕೆಂದರೆ ರವಾನೆಯ ಖರ್ಚನ್ನೂ ದಾರಿಯಲ್ಲಿನ ಹೊಣೆಯನ್ನೂ ಅವರಿಗೆ ತುಂಬಿಕೊಡುವವರಿಲ್ಲ.

ತುಂಬಿಕೊಡಬೇಕಾದವನು ತಯಾರಕನು. ಇದು ಔದಾರ್ಯದ ಮಾತಲ್ಲ, ಲೆಕ್ಕದ ಮಾತು. ವಾರಂಟಿ ಕೊಟ್ಟು ಮಾರುವ ತಯಾರಕನು ಮುಂದೆ ಬರಬಹುದಾದ ವೆಚ್ಚವನ್ನು ಅಂದಾಜು ಮಾಡಿ ಮಾರಾಟದ ವರ್ಷದಲ್ಲಿಯೇ ಅವಕಾಶ ಕಲ್ಪಿಸಬೇಕೆಂದು ಲೆಕ್ಕಪತ್ರ ಮಾನದಂಡ 29 ವಿಧಿಸುತ್ತದೆ. ಹಿಂದಿನ ಅನುಭವವನ್ನು ಆಧರಿಸಿ ಇಂಥ ಅವಕಾಶವನ್ನು ಕಲ್ಪಿಸಿದರೆ ಅದನ್ನು ಆದಾಯ ತೆರಿಗೆಯಲ್ಲಿ ವೆಚ್ಚವೆಂದು ಕಳೆಯಬಹುದೆಂದು ಸರ್ವೋಚ್ಚ ನ್ಯಾಯಾಲಯವು ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ 2009ರಲ್ಲಿ ತೀರ್ಪಿತ್ತಿದೆ. ಸರಕು ಮತ್ತು ಸೇವಾ ತೆರಿಗೆಯಲ್ಲಿಯೂ ದಾರಿ ಸುಗಮವಾಗಿದೆ. ವಾರಂಟಿಯಲ್ಲಿ ಗ್ರಾಹಕನಿಂದ ಹಣ ಪಡೆಯದೆ ಬದಲಿಸಿಕೊಟ್ಟ ಬಿಡಿಭಾಗಕ್ಕೆ ತೆರಿಗೆಯಿಲ್ಲ, ತಯಾರಕನು ಹೂಡುವಳಿ ತೆರಿಗೆ ಜಮೆಯನ್ನು ಮರಳಿಸಬೇಕಾಗಿಯೂ ಇಲ್ಲ ಎಂದು 2023ರ ಜುಲೈ 17ರ ಸುತ್ತೋಲೆ ಹೇಳಿತು. 2024ರ ಜೂನ್ 26ರ ಸುತ್ತೋಲೆ ಇದನ್ನು ಇಡೀ ಸರಕಿನ ಬದಲಾವಣೆಗೂ ವಿಸ್ತರಿಸಿತು. ಅಂದಮೇಲೆ ವಾರಂಟಿಯ ವೆಚ್ಚ ಬೆಲೆಯೊಳಗೇ ಅಡಕವಾಗಿದೆ, ಕೊಂಡವನು ಅದನ್ನು ಮುಂಗಡವಾಗಿ ತೆತ್ತೇ ಇದ್ದಾನೆ. 2017ರಲ್ಲಿ 28 ಪ್ರತಿಶತವಿದ್ದು 2025ರ ಸೆಪ್ಟೆಂಬರ್ 22ರಿಂದ 40 ಪ್ರತಿಶತಕ್ಕೆ ಏರಿರುವ ತೆರಿಗೆಯನ್ನೂ ಆತನು ಅದರ ಮೇಲೆ ತೆರಬೇಕು. ಇಷ್ಟಾದ ಮೇಲೂ ರೈಲಿನ ಟಿಕೆಟ್ ಆತನ ಖರ್ಚಿನಲ್ಲೇ ಎನ್ನುವುದು ಯಾವ ನ್ಯಾಯ?

ಇನ್ನೊಂದು ತೊಡಕು 2021ರ ಅಕ್ಟೋಬರ್ 1ರಿಂದ ಸೇರಿಕೊಂಡಿದೆ. ಅಂದು ಆರ್ಡ್ನನ್ಸ್ ಫ್ಯಾಕ್ಟರಿ ಮಂಡಳಿಯನ್ನು ವಿಸರ್ಜಿಸಿ 7 ಸರ್ಕಾರಿ ಕಂಪನಿಗಳನ್ನು ರಚಿಸಲಾಯಿತು. ಕಾನ್ಪುರದ ಕಾರ್ಖಾನೆ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಕಂಪನಿಗೆ ಸೇರಿತು. ಗುಂಡುಗಳನ್ನು ತಯಾರಿಸುವ ಪುಣೆಯ ಖಡಕಿ ಕಾರ್ಖಾನೆ ಮ್ಯೂನಿಷನ್ಸ್ ಇಂಡಿಯಾ ಕಂಪನಿಯ ಪಾಲಾಯಿತು. ಗುಂಡು ಹಾರದಿದ್ದಾಗ ದೋಷ ರಿವಾಲ್ವರಿನದೋ ಗುಂಡಿನದೋ ಎಂಬ ಪ್ರಶ್ನೆ ಮೊದಲು ಒಂದೇ ಮನೆಯೊಳಗಿನ ವಿಚಾರವಾಗಿತ್ತು, ಈಗ ಎರಡು ಮನೆಗಳ ನಡುವಿನ ವ್ಯಾಜ್ಯವಾಗಬಲ್ಲದು. ಆದಕಾರಣ ಹಾರದೆ ಉಳಿದ ಗುಂಡಿನ ಛಾಯಾಚಿತ್ರ, ಗುಂಡು ಕೊಂಡ ಬಿಲ್ಲು ಮತ್ತು ದೋಷ ಕಂಡ ದಿನಾಂಕಗಳನ್ನು ಬರೆದಿಟ್ಟುಕೊಳ್ಳುವುದು ಲೇಸು.

ಬದಲಿ ಆಯುಧದ ವಿಷಯವೂ ಸರಳವಲ್ಲ. ಕೆಟ್ಟ ಫ್ಯಾನು ಕೊಟ್ಟು ಹೊಸ ಫ್ಯಾನು ತಂದಂತೆ ರಿವಾಲ್ವರನ್ನು ತರಲಾಗದು. ಆಯುಧದ ಸಂಖ್ಯೆ ಪರವಾನಗಿಯಲ್ಲಿ ನಮೂದಾಗಿರುತ್ತದೆ. ಸಂಖ್ಯೆ ಬದಲಾದರೆ ಪರವಾನಗಿ ಪ್ರಾಧಿಕಾರದ ಮುಂದೆ ಮತ್ತೆ ಅರ್ಜಿ, ಮತ್ತೆ ನಮೂದು. ಆದ್ದರಿಂದ ಸಾಧ್ಯವಿದ್ದಷ್ಟೂ ಅದೇ ಸಂಖ್ಯೆಯ ಆಯುಧವನ್ನೇ ದುರಸ್ತಿ ಮಾಡಿಕೊಡುವಂತೆ ಕೇಳುವುದು ವ್ಯಾವಹಾರಿಕ ಜಾಣತನ.

ತಯಾರಕನೂ ಡೀಲರನೂ ಕೈಚೆಲ್ಲಿದರೆ? ಮೊದಲು ಈ ಪ್ರಶ್ನೆಗೆ ಉತ್ತರ ಕಷ್ಟದ್ದಾಗಿತ್ತು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು 2020ರ ಜುಲೈಯಲ್ಲಿ ಜಾರಿಗೆ ಬಂದ ಮೇಲೆ ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಹಲಸಿಯವನು ಕಾನ್ಪುರಕ್ಕೆ ಹೋಗಬೇಕಿಲ್ಲ, ಬೆಳಗಾವಿ ಸಾಕು. ತೆತ್ತ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ, ಅವಧಿ 2 ವರ್ಷ. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದನ್ನು ಇದೇ ಅಧಿನಿಯಮವು ಅನುಚಿತ ವ್ಯಾಪಾರ ಪದ್ಧತಿಯೆಂದು ಎಣಿಸುತ್ತದೆ. ಇಲ್ಲಿ ವರ್ತಕರು ಗಮನಿಸಬೇಕಾದ ಸೂಕ್ಷ್ಮವೊಂದಿದೆ: ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಈ ಅಧಿನಿಯಮದ ಅರ್ಥದಲ್ಲಿ ಗ್ರಾಹಕನಲ್ಲ. ರಿವಾಲ್ವರಿನ ಬಿಲ್ಲನ್ನು ಪೇಢಿಯ ಖರ್ಚಿಗೆ ಹಾಕಿ ಸವಕಳಿ ಪಡೆದವನು, ಆಮೇಲೆ ಆಯೋಗದೆದುರು ‘ಇದು ನನ್ನ ಸ್ವಂತದ್ದು’ ಎಂದರೆ ಎದುರು ಪಕ್ಷದ ವಕೀಲರು ಆ ಜಮಾಖರ್ಚಿನ ಪ್ರತಿಯನ್ನೇ ಕೇಳುತ್ತಾರೆ.

ಕೊನೆಯದಾಗಿ ಚುನಾವಣೆಯ ಸಂಗತಿ. ನೀತಿಸಂಹಿತೆ ಜಾರಿಯಾದಾಗ ಆದೇಶ ಪಡೆದ ಪರವಾನಗಿದಾರರು ಆಯುಧವನ್ನು ಠೇವಣಿ ಇಡಬೇಕಾಗುತ್ತದೆ. 2024ರ ಲೋಕಸಭಾ ಚುನಾವಣೆ ಮಾರ್ಚ್ 16ರಂದು ಘೋಷಣೆಯಾಗಿ ಜೂನ್ 4ರಂದು ಫಲಿತಾಂಶ ಬರುವ ಹೊತ್ತಿಗೆ 80 ದಿನಗಳು ಸಂದಿದ್ದವು. ಒಂದು ವರ್ಷದ ವಾರಂಟಿಯಾದರೆ ಅದರಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು ಅವಧಿ ಪೋಲೀಸ್ ಠಾಣೆಯ ಕಪಾಟಿನಲ್ಲಿಯೇ ಕಳೆಯಿತು. ಆ ದಿನಗಳನ್ನೂ, ಕಾರ್ಖಾನೆಯಲ್ಲಿ ದುರಸ್ತಿಗೆ ತಗಲುವ ದಿನಗಳನ್ನೂ ವಾರಂಟಿಯ ಅವಧಿಯಿಂದ ಹೊರಗಿಡುವಂತೆ ಜಿಲ್ಲೆಯ ವಾಣಿಜ್ಯೋದ್ಯಮ ಸಂಸ್ಥೆಗಳು ಕಾನ್ಪುರದ ಕಂಪನಿಗೂ ರಕ್ಷಣಾ ಉತ್ಪಾದನಾ ಇಲಾಖೆಗೂ ಲಿಖಿತ ಮನವಿ ಸಲ್ಲಿಸಬೇಕು. ಅಲ್ಲಿಯವರೆಗೆ ಪರವಾನಗಿದಾರರು ಠಾಣೆಯ ಠೇವಣಿ ರಸೀದಿಯ ಪ್ರತಿಯನ್ನು ವಾರಂಟಿ ಚೀಟಿಯ ಜೊತೆಗೇ ಇಟ್ಟು, ಅವಧಿ ವಿಸ್ತರಣೆ ಕೋರಿ ತಯಾರಕರಿಗೆ ನೋಂದಾಯಿತ ಪತ್ರ ಬರೆಯುವುದು ಒಳಿತು.