ದಾಸೋಹದ ಪಂಕ್ತಿ, ಡಯಾಲಿಸಿಸ್ ಸರದಿ

ಮಠಗಳಿಂದ ಹೋಗುವ ಶಿಫಾರಸು ಪತ್ರಗಳ ಬಗ್ಗೆ ಒಂದು ಮಾತು ಹೇಳಬೇಕಾಗಿದೆ. ಸೀಟಿಗೆ, ವರ್ಗಾವಣೆಗೆ ಬರೆಯುವ ಪತ್ರಗಳ ವಿಷಯ ಬೇರೆ. ನಾನು ಹೇಳುತ್ತಿರುವುದು ಡಯಾಲಿಸಿಸ್ ಸರದಿಗಾಗಿ ಬರೆಯುವ ಪತ್ರದ ಬಗ್ಗೆ.

ಕಿಡ್ನಿ ಕೈಕೊಟ್ಟವರಿಗೆ ವಾರಕ್ಕೆ 2–3 ಸಲ, ಪ್ರತಿ ಸಲ ಸುಮಾರು 4 ತಾಸು ಯಂತ್ರ ಬೇಕು. ತಾಲೂಕು ಆಸ್ಪತ್ರೆಯಲ್ಲಿ ಯಂತ್ರಗಳು ಬೆರಳೆಣಿಕೆಯಷ್ಟು. ಪತ್ರ ತಂದವನು ಒಳಗೆ ಹೋದ ಮಾತ್ರಕ್ಕೆ ಹೊಸ ಯಂತ್ರ ಹುಟ್ಟುವುದಿಲ್ಲ, ಹೊರಗೆ ಕುಳಿತ ಇನ್ನೊಬ್ಬನ ಸರದಿ ಹೋಗುತ್ತದೆ. ಪತ್ರ ಬರೆದವರಿಗೆ ಅವನ ಮುಖ ಕಾಣುವುದೇ ಇಲ್ಲ, ತಾವು ಮಾಡಿದ ಉಪಕಾರ ಮಾತ್ರ ಕಾಣುತ್ತದೆ.

‘ದುಡಿಯುವ ಕಾಯಕಜೀವಿಗೆ ಮೊದಲು ಕೊಟ್ಟರೆ ತಪ್ಪೇನು?’ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಅಮೆರಿಕದ ಸಿಯಾಟಲ್‌ನಲ್ಲಿ ಇದನ್ನೂ ಮಾಡಿ ನೋಡಿದ್ದಾರೆ. 1962ರಲ್ಲಿ ಅಲ್ಲಿ ಡಯಾಲಿಸಿಸ್ ಕೇಂದ್ರ ತೆರೆದಾಗ ಯಂತ್ರಗಳು ಸಾಲಲಿಲ್ಲ. ಯಾರಿಗೆ ಕೊಡಬೇಕೆಂದು ಆರಿಸಲು 7 ಜನರ ಸಮಿತಿ ಆಯಿತು: ವಕೀಲ, ಪಾದ್ರಿ, ಬ್ಯಾಂಕಿನವರು, ಗೃಹಿಣಿ, ಸರ್ಕಾರಿ ಅಧಿಕಾರಿ, ಕಾರ್ಮಿಕ ಮುಖಂಡ, ಶಸ್ತ್ರವೈದ್ಯ. ಅವರು ರೋಗಿಯ ವರಮಾನ, ಓದು, ಮಕ್ಕಳು, ಚರ್ಚಿಗೆ ಹೋಗುವ ರೂಢಿ ಎಲ್ಲವನ್ನೂ ತೂಗಿದರು. ಲೈಫ್ ಪತ್ರಿಕೆ ಇದನ್ನು ಬರೆದ ಮೇಲೆ ಅದಕ್ಕೆ ‘ದೇವರ ಸಮಿತಿ’ ಎಂಬ ಹೆಸರೇ ಬಿತ್ತು. ಸಮಿತಿಯವರು ಕೆಟ್ಟವರಲ್ಲ. ಆದರೆ ಅವರ ತಕ್ಕಡಿಯಲ್ಲಿ ತೂಕ ಬಂದದ್ದು ತಮ್ಮಂಥವರಿಗೇ. 1972ರಲ್ಲಿ ಅಲ್ಲಿನ ಸರ್ಕಾರವೇ ಕಾನೂನು ಮಾಡಿ ಬಹುತೇಕ ಎಲ್ಲರ ಡಯಾಲಿಸಿಸ್ ಖರ್ಚನ್ನು ವಹಿಸಿಕೊಂಡಿತು.

ಯಾವ ಕೆಲಸವೂ ಕೀಳಲ್ಲ ಎನ್ನಲು ಹುಟ್ಟಿದ ಮಾತು ಕಾಯಕ. ಅದನ್ನೇ ಹಿಡಿದು ಮನುಷ್ಯರಲ್ಲಿ ಮೇಲು–ಕೀಳು ಎಣಿಸಿದರೆ ಬಸವಣ್ಣನವರನ್ನು ತಲೆಕೆಳಗೆ ಮಾಡಿದಂತೆ. ಹಾಸಿಗೆ ಹಿಡಿದ ಮುದುಕಿಯ ಕಾಯಕ ಯಾವುದೆಂದು ಕೇಳುವವರು ಯಾರು? ದಾಸೋಹದ ಪಂಕ್ತಿಯಲ್ಲಿ ನಾವು ಯಾರ ಸಂಬಳವನ್ನೂ ಕೇಳುವುದಿಲ್ಲ. (ಈಚೆಗೆ ಅಲ್ಲೂ ಗಣ್ಯರಿಗೆ ಬೇರೆ ಕೋಣೆ ಬಂದಿದೆ, ಅದಿರಲಿ.)

ಹಾಗೆಂದು ಎಲ್ಲರೂ ಚೀಟಿ ಹಿಡಿದೇ ಕಾಯಬೇಕು ಎನ್ನುವುದಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿದವನನ್ನು, ರಕ್ತದಲ್ಲಿ ಪೊಟ್ಯಾಸಿಯಂ ಏರಿದವನನ್ನು ವೈದ್ಯರು ಮೊದಲು ಒಳಗೆ ಕರೆಯಬೇಕು. ಅಲ್ಲಿ ರೋಗವೇ ಶಿಫಾರಸು. ಉಳಿದವರಿಗೆ ಹೆಸರು ಬರೆಸಿದ ದಿನಾಂಕವೇ ಲೆಕ್ಕ. ಆ ಪಟ್ಟಿ ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲಿರಲಿ, ರೋಗಿಯ ಹೆಸರಿನ ಬದಲು ಸಂಖ್ಯೆ ಇದ್ದರೂ ಸಾಕು.

ಪೂಜ್ಯರಲ್ಲಿ ನನ್ನ ಬಿನ್ನಹ ಇಷ್ಟೇ. ವೈದ್ಯರಿಗೆ ಬರೆಯುವ ಪತ್ರ ನಿಲ್ಲಲಿ. ಅದೇ ಲೆಟರ್‌ಹೆಡ್ಡಿನಲ್ಲಿ ಆರೋಗ್ಯ ಸಚಿವರಿಗೆ ಬರೆಯಿರಿ: ಇನ್ನೆರಡು ಯಂತ್ರ ಬೇಕು, ರಾತ್ರಿ ಪಾಳಿಗೆ ಒಬ್ಬ ತಂತ್ರಜ್ಞ ಬೇಕು. ಮಠದ ಮಾತನ್ನು ಮಂತ್ರಿಗಳು ತೆಗೆದುಹಾಕುವುದಿಲ್ಲ, ಚುನಾವಣೆ ಹತ್ತಿರವಿದ್ದರಂತೂ ಇಲ್ಲವೇ ಇಲ್ಲ.