ಪೇಸ್ಟಿಗೆ ಪೆಟ್ಟಿಗೆ ಯಾಕೆ ಬೇಕು?

ಹಿರೇಹಡಗಲಿಯ ನಮ್ಮ ಮನೆಯಲ್ಲಿ ಬೆಳಗ್ಗೆ ಹಂಡೆ ಒಲೆ ಹೊತ್ತಿಸಲು ಈಗ ಯಾರೂ ಪುಳ್ಳೆ ಹುಡುಕುವುದಿಲ್ಲ. ಒಲೆಯ ಪಕ್ಕದಲ್ಲೊಂದು ಹಳೆಯ ಬುಟ್ಟಿ ಇದೆ. ಅದರಲ್ಲಿ ಪೇಸ್ಟಿನ ರಟ್ಟು, ಸೋಪಿನ ರಟ್ಟು, ಕ್ರೀಮಿನ ರಟ್ಟು, ಅವುಗಳಿಗೆ ಸುತ್ತಿದ್ದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಎಲ್ಲವೂ ಇರುತ್ತವೆ. ಒಂದು ಹಿಡಿ ತೆಗೆದು ಒಲೆಗೆ ಹಾಕಿ ಕಡ್ಡಿ ಗೀರಿದರೆ ಮುಗಿಯಿತು. ರಟ್ಟು ಉರಿಯುತ್ತದೆ, ಪ್ಲಾಸ್ಟಿಕ್ ಮುದುಡಿ ಕರಗಿ ಕಪ್ಪು ಹೊಗೆ ಬಿಡುತ್ತದೆ. ಆ ಹೊಗೆಯನ್ನು ದಿನಾ ಮೊದಲು ಕುಡಿಯುವವಳು ಅವ್ವ.

"ಹಾಕಬ್ಯಾಡವ್ವ, ಕೆಟ್ಟ ಹೊಗಿ" ಎಂದರೆ ಅವಳ ಉತ್ತರ ಸಿದ್ಧವಿದೆ. "ಮತ್ತೆಲ್ಲಿ ಹಾಕ್ಲಿ ಹೇಳು. ಅಂಗಡ್ಯಾವ ವಾಪಸ್ ತಗೋತಾನೇನು?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಹಾಗಾಗಿ ಕಳೆದ ತಿಂಗಳ ಕಿರಾಣಿ ಚೀಲವನ್ನು ಕಟ್ಟೆಯ ಮೇಲೆ ಸುರಿದುಕೊಂಡು ಕುಳಿತೆ. ಪೇಸ್ಟಿನ ಟ್ಯೂಬಿಗೆ ಮುಚ್ಚಳವಿದೆ, ಅದರೊಳಗೆ ಬಾಯಿಗೆ ಅಂಟಿಸಿದ ಸೀಲ್ ಇದೆ. ಇಷ್ಟು ಭದ್ರವಾದ ಟ್ಯೂಬಿಗೆ ಮೇಲೊಂದು ರಟ್ಟಿನ ಪೆಟ್ಟಿಗೆ. ಎರಡು ಪೆಟ್ಟಿಗೆಗಳನ್ನು ಸೇರಿಸಿ ಬ್ರಷ್ ಉಚಿತ ಎಂದು ಸುತ್ತಿದ ಪ್ಲಾಸ್ಟಿಕ್ ಹಾಳೆ. ಆ ಬ್ರಷ್ಷಿಗೆ ಬೇರೆಯೇ ರಟ್ಟು, ಬೇರೆಯೇ ಪ್ಲಾಸ್ಟಿಕ್ ಗೂಡು. ಮುಖಕ್ಕೆ ಹಚ್ಚುವ ಕ್ರೀಮಿನ ಪೆಟ್ಟಿಗೆ ಅಂಗೈ ತುಂಬುವಷ್ಟಿತ್ತು, ಒಳಗಿದ್ದ ಟ್ಯೂಬ್ ಕಿರುಬೆರಳಿನಷ್ಟು. ಅಲುಗಾಡಿಸಿದರೆ ಗಿಲಕಿಯಂತೆ ಸದ್ದು ಮಾಡುತ್ತಿತ್ತು. ನಾಲ್ಕು ಸೋಪು ಕೊಂಡರೆ ಒಂದು ಉಚಿತ ಎಂಬ ಕಟ್ಟಿನಲ್ಲಿ ಐದು ಸೋಪಿಗೆ ಐದು ರಟ್ಟು, ಎಲ್ಲಕ್ಕೂ ಸೇರಿ ಒಂದು ಪ್ಲಾಸ್ಟಿಕ್. ಎಲ್ಲವನ್ನೂ ಬಿಚ್ಚಿದ ಮೇಲೆ ಕಟ್ಟೆಯ ಮೇಲೆ ಎರಡು ಗುಡ್ಡೆಗಳಾದವು. ಬಳಸುವ ಸಾಮಾನಿನ ಗುಡ್ಡೆ ಸಣ್ಣದು, ಎಸೆಯುವುದು ದೊಡ್ಡದು.

ಈ ಹೊರಗಿನ ಪೆಟ್ಟಿಗೆ, ಈ ಹೊರಗಿನ ಹಾಳೆ ಯಾರಿಗೂ ಬೇಕಿಲ್ಲ. ಇದು ನಿಲ್ಲಬೇಕು. ನಿಲ್ಲಿಸಬೇಕಾದವರು ಅವ್ವನಂಥವರಲ್ಲ, ತಯಾರಿಸುವವರು.

ಈ ರಟ್ಟಿಗೆ ನಾವು ಎರಡು ಸಲ ದುಡ್ಡು ಕೊಡುತ್ತೇವೆ, ಮೂರನೇ ಸಲ ಆರೋಗ್ಯ ಕೊಡುತ್ತೇವೆ. ರಟ್ಟು, ಅದರ ಬಣ್ಣ, ಅದರ ಮೇಲಿನ ನಗುವ ಮುಖ, ಎಲ್ಲದರ ಖರ್ಚು ಸಾಮಾನಿನ ಬೆಲೆಯಲ್ಲೇ ಸೇರಿರುತ್ತದೆ, ಅದು ಮೊದಲ ಸಲ. ಅದನ್ನು ಸಾಗಿಸುವುದಕ್ಕೆ ಪಂಚಾಯಿತಿಯ ಹಣ ಖರ್ಚಾಗುತ್ತದೆ, ಅದು ಎರಡನೇ ಸಲ. ಪಂಚಾಯಿತಿ ಗಾಡಿ ಬಾರದ ದಿನ ಅದು ಒಲೆಗೋ ತಿಪ್ಪೆಗೋ ಹೋಗುತ್ತದೆ. ಒಲೆಗೆ ಹೋದರೆ ಹೊಗೆ, ತಿಪ್ಪೆಗೆ ಹೋದರೆ ದನದ ಹೊಟ್ಟೆ.

ಪಂಚಾಯಿತಿಯ ಮೇಲೆ ಈ ಹೊರೆ ಬಂದಿದ್ದು ಹೇಗೆ ಎಂಬುದೂ ಗೊತ್ತಿರಲಿ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ನಗರಗಳ ಗಡಿ ದಾಟಿ ಹಳ್ಳಿಗಳಿಗೂ ಬಂದವು. ಪ್ಲಾಸ್ಟಿಕ್ ಕಸವನ್ನು ಬೇರ್ಪಡಿಸಿ, ಸಂಗ್ರಹಿಸಿ, ಸಾಗಿಸುವ ಕೆಲಸ ಗ್ರಾಮ ಪಂಚಾಯಿತಿಯದೂ ಆಯಿತು. ಈಗ ರಾಜ್ಯದ ಬಹಳಷ್ಟು ಪಂಚಾಯಿತಿಗಳಲ್ಲಿ 'ಸ್ವಚ್ಛ ವಾಹಿನಿ' ಗಾಡಿ ಓಡಿಸುವವರು, ಕಸ ಬೇರ್ಪಡಿಸುವವರು ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಒಣ ರಟ್ಟನ್ನು ಗುಜರಿಯವನು ಕೊಳ್ಳುತ್ತಾನೆ, ಒಪ್ಪೋಣ. ಆದರೆ ಪ್ಲಾಸ್ಟಿಕ್ ಪದರ ಅಂಟಿಸಿದ ಹೊಳೆಯುವ ರಟ್ಟನ್ನೂ ಮುಟ್ಟಿದರೆ ಹರಿಯುವ ತೆಳು ಹಾಳೆಯನ್ನೂ ಅವನು ಪಕ್ಕಕ್ಕೆ ತಳ್ಳುತ್ತಾನೆ. ಅದನ್ನು ಆರಿಸಿದ ಕೈಗೆ ದಣಿವಷ್ಟೇ ಉಳಿಯುತ್ತದೆ. ಪೆಟ್ಟಿಗೆ ಮಾಡಿದವರ ಹೆಸರು ಊರೂರಿನ ಗೋಡೆಯ ಮೇಲೆ, ಪೆಟ್ಟಿಗೆ ಹೆಕ್ಕಿದವಳ ಹೆಸರು ಯಾರಿಗೂ ಗೊತ್ತಿಲ್ಲ.

"ಸರ್ಕಾರ ಏನು ಮಾಡೀತು, ಕಂಪನಿಗಳ ಇಷ್ಟ" ಎನ್ನುವವರಿಗೆ ಒಂದು ಮಾತು. ಸರ್ಕಾರ ಆಗಲೇ ಮಾಡಿದೆ, ಆದರೆ ಅರ್ಧ ಮಾಡಿ ಕೈ ತೊಳೆದುಕೊಂಡಿದೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈ ನಿಯಮಗಳಿಗೆ ತಿದ್ದುಪಡಿ ತಂದು, 2022ರ ಜುಲೈ 1ರಿಂದ ಕೆಲವು ಏಕಬಳಕೆ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿತು. ಪ್ಲಾಸ್ಟಿಕ್ ಚಮಚ, ತಟ್ಟೆ, ಸ್ಟ್ರಾ ಆ ಪಟ್ಟಿಯಲ್ಲಿರುವುದು ಎಲ್ಲರಿಗೂ ಗೊತ್ತು. ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲಿದೆ: ಸಿಹಿತಿಂಡಿ ಪೆಟ್ಟಿಗೆ, ಆಮಂತ್ರಣ ಪತ್ರಿಕೆ ಮತ್ತು ಸಿಗರೇಟು ಪ್ಯಾಕಿನ ಸುತ್ತ ಸುತ್ತುವ ಪ್ಲಾಸ್ಟಿಕ್ ಹಾಳೆ.

ಅಂದರೆ ಪೆಟ್ಟಿಗೆಯ ಮೇಲೆ ಮತ್ತೊಂದು ಹಾಳೆ ಅನಗತ್ಯ ಎಂದು ಕಾನೂನೇ ಒಪ್ಪಿಕೊಂಡಿದೆ. ಹಾಗಾದರೆ ನನ್ನ ಪ್ರಶ್ನೆ ನೇರವಾಗಿದೆ. ತಿನ್ನುವ ಸಿಹಿಯ ಪೆಟ್ಟಿಗೆಗೇ ಹೊರ ಹಾಳೆ ಬೇಡವಾದ ಮೇಲೆ, ಮೈ ತೊಳೆಯುವ ಸೋಪಿನ ಪೆಟ್ಟಿಗೆಗೆ ಯಾಕೆ ಬೇಕು? ಮದುವೆ ಕರೆಯೋಲೆ ಬರಿಮೈಯಲ್ಲಿ ಊರೂರು ತಿರುಗಬಹುದಾದರೆ, ಪೇಸ್ಟಿನ ಟ್ಯೂಬ್ ಯಾಕೆ ತಿರುಗಬಾರದು?

ಪೆಟ್ಟಿಗೆಯ ಪರವಾಗಿ ಹೇಳುವ ಮಾತುಗಳನ್ನೂ ಕೇಳೋಣ. ಮೊದಲನೆಯದು ಶುಚಿತ್ವ. ಟ್ಯೂಬಿನ ಬಾಯಿಗೆ ಸೀಲ್ ಇದ್ದಾಗ ರಟ್ಟು ಯಾವ ಕೊಳೆಯನ್ನು ತಡೆಯುತ್ತದೆ? ನಮ್ಮೂರಿನ ಅಂಗಡಿಗಳಲ್ಲಿ ಅಗ್ಗದ ಸೋಪುಗಳು ದಶಕಗಳಿಂದ ಒಂದೇ ಪದರದ ಹೊದಿಕೆಯಲ್ಲಿ ಬರುತ್ತಿವೆ. ಬಟ್ಟೆ ಸೋಪೂ ಹಾಗೆಯೇ. ಬಡವರ ಸೋಪಿಗೆ ಬೇಡವಾದ ಪೆಟ್ಟಿಗೆ ಉಳ್ಳವರ ಸೋಪಿಗೆ ಬೇಕು ಎಂದಾದರೆ ಅದು ಶುಚಿತ್ವದ ಮಾತಲ್ಲ, ಅಂತಸ್ತಿನ ಮಾತು.

ಎರಡನೆಯದು, ಕಾನೂನು ಕೇಳುವ ವಿವರಗಳನ್ನು ಮುದ್ರಿಸಲು ಜಾಗ ಬೇಕು ಎಂಬುದು. ತೂಕ, ಗರಿಷ್ಠ ಬೆಲೆ, ತಯಾರಾದ ತಿಂಗಳು, ತಯಾರಕರ ವಿಳಾಸ ಇರಲೇಬೇಕು, ನಿಜ. ಆದರೆ ಅದಕ್ಕೆ ಹೊರ ಪೆಟ್ಟಿಗೆಯೇ ಆಗಬೇಕೆಂದೇನೂ ಇಲ್ಲ. ಪ್ರಸಾಧನ ಸಾಮಗ್ರಿಗಳ ನಿಯಮಗಳಲ್ಲೇ ಒಂದು ದಾರಿ ಇದೆ: ಒಂದೇ ಲೇಬಲ್ ಇದ್ದರೆ ಒಳ, ಹೊರ ಎರಡೂ ಲೇಬಲ್‌ಗಳ ವಿವರ ಆ ಒಂದರಲ್ಲೇ ಇರಬೇಕು. ಪೆಟ್ಟಿಗೆಯಿಲ್ಲದೆ ಮಾರುವ ದಾರಿ ಮೊದಲಿನಿಂದಲೂ ತೆರೆದೇ ಇದೆ. ಇಷ್ಟಕ್ಕೂ ಪೆಟ್ಟಿಗೆಯ ಮೇಲಿನ ವಿವರ ಪೆಟ್ಟಿಗೆಯ ಜೊತೆಗೇ ಒಲೆಗೆ ಹೋಗುತ್ತದೆ. ಟ್ಯೂಬಿನ ಮೇಲಿನದು ಪೇಸ್ಟು ಮುಗಿಯುವವರೆಗೂ ಉಳಿಯುತ್ತದೆ.

ಮೂರನೆಯದು ನಕಲಿಯ ಭಯ. ಪೇಸ್ಟನ್ನೇ ನಕಲು ಮಾಡುವವನಿಗೆ ರಟ್ಟು ಮುದ್ರಿಸುವುದು ಕಷ್ಟವೇ? ನಾಲ್ಕನೆಯದು ಅಂಗಡಿಯಲ್ಲಿ ಜೋಡಿಸುವ ಅನುಕೂಲ. ಇದರಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಅಗಲ ಮುಚ್ಚಳದ ಟ್ಯೂಬ್ ತಲೆಕೆಳಗಾಗಿ ತಾನೇ ನಿಲ್ಲುತ್ತದೆ, ಡಜನ್ ಟ್ಯೂಬ್ ಬರುವ ದೊಡ್ಡ ರಟ್ಟನ್ನೇ ಕತ್ತರಿಸಿದರೆ ಅದೇ ತಟ್ಟೆಯಾಗುತ್ತದೆ. ಗಾಜಿನ ಬಾಟಲಿಗೆ, ಬ್ಲೇಡಿಗೆ ಪೆಟ್ಟಿಗೆ ಇರಲಿ, ಅದರ ಬಗ್ಗೆ ತಕರಾರಿಲ್ಲ. ಒಡೆಯದ, ಸೋರದ, ಕೊಯ್ಯದ ಸಾಮಾನಿಗೆ ಬೇಡ.

ಇದು ಎಲ್ಲೂ ಆಗದ ಮಾತೂ ಅಲ್ಲ. ಜರ್ಮನಿ 1991ರಲ್ಲಿ ಪ್ಯಾಕೇಜಿಂಗ್ ಕಾಯಿದೆ ತಂದಿತು. 1992ರ ಏಪ್ರಿಲ್‌ನಿಂದ ಅಲ್ಲಿನ ಗ್ರಾಹಕರು ಹೊರ ಪೆಟ್ಟಿಗೆಯನ್ನು ಅಂಗಡಿಯಲ್ಲೇ ಬಿಚ್ಚಿ ಬಿಟ್ಟು ಹೋಗಬಹುದಾಯಿತು, ಅದಕ್ಕೆ ಅಂಗಡಿಯವರು ತೊಟ್ಟಿ ಇಡಬೇಕಾಯಿತು. ಕಸ ತಮ್ಮ ಬಾಗಿಲಲ್ಲೇ ಉಳಿಯತೊಡಗಿದಾಗ ಅಂಗಡಿಯವರು ತಯಾರಕರನ್ನು ಪ್ರಶ್ನಿಸಿದರು. ಪೇಸ್ಟು ಸೇರಿ ಎಷ್ಟೋ ಸಾಮಾನುಗಳ ಪೆಟ್ಟಿಗೆ ಮಾಯವಾಯಿತು. ಅಲ್ಲಿ ಯಾರ ಹಲ್ಲೂ ಅದರಿಂದ ಹುಳುಕಾಗಲಿಲ್ಲ.

ಒಬ್ಬ ಗೆಳೆಯ ಕೇಳಿದ: "ಹಳ್ಳಿಯ ಚರಂಡಿ ತುಂಬಿರುವುದು ಒಂದು ರೂಪಾಯಿಯ ಶಾಂಪೂ ಚೀಟಿಯಿಂದ. ನೀನು ಪೇಸ್ಟಿನ ಡಬ್ಬಿ ಹಿಡಿದು ಕೂತಿದ್ದೀಯಲ್ಲ?" ಅವನ ಮಾತು ಸರಿ. ಚೀಟಿ ದೊಡ್ಡ ಪಿಡುಗು. ಆದರೆ ದಿನದ ಕೂಲಿಯವರು ಶಾಂಪೂ ಕೊಳ್ಳಲು ಆ ಚೀಟಿಯೊಂದೇ ದಾರಿ. ಅದನ್ನು ತೆಗೆದರೆ ಬದಲಿಗೆ ಏನಾದರೂ ಕೊಡಬೇಕು. ಹೊರ ಪೆಟ್ಟಿಗೆಗೆ ಬದಲಿಯೇ ಬೇಡ. ತೆಗೆದರೆ ಯಾರಿಗೂ ಏನೂ ಕಡಿಮೆಯಾಗುವುದಿಲ್ಲ. ಇಷ್ಟು ಸುಲಭದ್ದನ್ನೇ ಮಾಡದವರು ಚೀಟಿಯಂಥ ಕಷ್ಟದ್ದನ್ನು ಮಾಡುತ್ತಾರೆಂದು ನಂಬುವುದು ಹೇಗೆ? ಬೇವಿನ ಕಡ್ಡಿಗೆ, ಸೀಗೆಪುಡಿಗೆ ಮರಳಿ ಎಂದೂ ನಾನು ಹೇಳುತ್ತಿಲ್ಲ. ಅದೇ ಪೇಸ್ಟು, ಅದೇ ಸೋಪು, ಅಂಗಿ ಒಂದು ಸಾಕು ಎನ್ನುತ್ತಿದ್ದೇನೆ.

ಮೊದಲ ಹೆಜ್ಜೆಯನ್ನು ನಮ್ಮ ರಾಜ್ಯ ಸರ್ಕಾರವೇ ಇಡಬಹುದು. ಮೈಸೂರು ಸ್ಯಾಂಡಲ್ ಸೋಪು ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್‌ನದು, ಅಂದರೆ ಸರ್ಕಾರದ್ದು, ಅಂದರೆ ನಮ್ಮದು. 1916ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶ್ರೀಗಂಧದೆಣ್ಣೆಯ ಕಾರ್ಖಾನೆಯಿಂದ ಶುರುವಾದ ಪರಂಪರೆ ಅದು. ಆ ರಟ್ಟಿನ ಪೆಟ್ಟಿಗೆಯ ಮೇಲೆ ನಮಗೆಲ್ಲ ಅಭಿಮಾನವಿದೆ, ನನಗೂ ಇದೆ. ಆದರೆ ಶ್ರೀಗಂಧದ ವಾಸನೆ ಇರುವುದು ಸೋಪಿನಲ್ಲಿ. ಹಬ್ಬಕ್ಕೆ, ಉಡುಗೊರೆಗೆ ಪೆಟ್ಟಿಗೆ ಇರಲಿ, ದಿನಬಳಕೆಯ ಸೋಪು ಒಂದೇ ಕಾಗದದ ಹೊದಿಕೆಯಲ್ಲಿ ಬರಲಿ. ಸರ್ಕಾರದ ಸೋಪು ದಾರಿ ತೋರಿಸಿದರೆ ಖಾಸಗಿಯವರನ್ನು ಕೇಳುವ ಬಾಯಿ ಸರ್ಕಾರಕ್ಕೂ ಬರುತ್ತದೆ. ಜೊತೆಗೆ ಕೇಂದ್ರದ ನಿಷೇಧದ ಪಟ್ಟಿಗೆ ಸೋಪು, ಪೇಸ್ಟು, ಕ್ರೀಮಿನ ಹೊರ ಹಾಳೆಯೂ ಸೇರಬೇಕು.

ನಾವು ಊರಿನಲ್ಲಿ ಮಾಡಬಹುದಾದದ್ದೂ ಇದೆ. ಬರುವ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಠರಾವು ಮಾಡಿಸಿ ಮೇಲಕ್ಕೆ ಕಳಿಸಬಹುದು. ಒಂದೊಂದು ಕಿರಾಣಿ ಅಂಗಡಿಯ ಮುಂದೆ ಒಂದೊಂದು ಚೀಲ ಕಟ್ಟಿ, ಹೊರ ರಟ್ಟು, ಹಾಳೆಗಳನ್ನು ಅಲ್ಲೇ ಬಿಚ್ಚಿ ಹಾಕಿ ಬರಬಹುದು. ಚೀಲ ತುಂಬಿದಾಗ ಸಾಮಾನು ತರುವ ವಿತರಕರ ಗಾಡಿಗೆ ತೋರಿಸಬಹುದು. ಪ್ಲಾಸ್ಟಿಕ್ ಪೊಟ್ಟಣದ ಜವಾಬ್ದಾರಿ ತಯಾರಕರದೂ ಹೌದು ಎಂದು 2016ರ ನಿಯಮಗಳೇ ಹೇಳುತ್ತವೆ. ಗಾಡಿ ತುಂಬಿ ಬಂದು ಖಾಲಿ ಹೋಗುತ್ತದೆ, ವಾಪಸ್ ಒಯ್ಯಲು ಜಾಗಕ್ಕೇನೂ ಬರವಿಲ್ಲ.

ನಮ್ಮ ಹಡಗಲಿ ಸೀಮೆಯ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಮೊಗ್ಗು ಮುಟ್ಟಿದರೆ ನಲುಗುತ್ತದೆ, ಸಂಜೆಗೆ ಅರಳಿಬಿಡುತ್ತದೆ. ಅಷ್ಟು ನಾಜೂಕಿನ ಹೂವನ್ನು ನಮ್ಮವರು ದಾರದಲ್ಲಿ ಕಟ್ಟಿ, ಎಲೆಯಲ್ಲಿ ಸುತ್ತಿ, ಮೊಳದ ಲೆಕ್ಕದಲ್ಲಿ ಮಾರಿ ಬದುಕಿದ್ದಾರೆ. ಕಲ್ಲಿನಂಥ ಸೋಪಿಗೆ ಮಾತ್ರ ಎರಡು ಕೋಟೆ ಬೇಕಂತೆ.

ಅವ್ವ ಕೇಳಿದ ಪ್ರಶ್ನೆ ಹಾಗೇ ಇದೆ. ಅಂಗಡಿಯವನು ವಾಪಸ್ ತಗೊಳ್ಳುವಂತಾಗಬೇಕು, ಇಲ್ಲವೇ ವಾಪಸ್ ಕೊಡುವಂಥದ್ದೇನೂ ಬರದಂತಾಗಬೇಕು. ಅಲ್ಲಿಯವರೆಗೆ "ಒಲೆಗೆ ಹಾಕಬ್ಯಾಡ" ಎಂದು ಅವಳಿಗೆ ಬುದ್ಧಿ ಹೇಳುವ ಹಕ್ಕು ನನಗಿಲ್ಲ.